ಸವೆದ ವಾಷರ್

ಎಂಬತ್ತಾರು ಮೆಟ್ಟಿಲು. ಐದನೇ ಮಹಡಿಯ ಟೈಲರಕ್ಕನ ಮನೆಗೆ ಹತ್ತುವಾಗ ಲಿಫ್ಟಣ್ಣ ಅವನ್ನು ಎಣಿಸದ ಭಾನುವಾರವಿಲ್ಲ. ಈ ಭಾನುವಾರ ಹೆಗಲ ಮೇಲೆ ತುಂಬಿದ ಗ್ಯಾಸ್ ಸಿಲಿಂಡರ್ ಬೇರೆ ಇತ್ತು. ಮೂರನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದ ಇಬ್ಬರು ಅವನ ಏದುಸಿರು ನೋಡಿ, ಹೆಸರಿಗೆ ಲಿಫ್ಟಣ್ಣ, ಹತ್ತೋದು ಮಾತ್ರ ಮೆಟ್ಟಿಲು ಎಂದು ನಕ್ಕರು. ಅವರು ಹೊಸ ಬಾಡಿಗೆದಾರರು. ಹಳಬರು ನಗುತ್ತಿರಲಿಲ್ಲ.

ಐದು ವರ್ಷದ ಹಿಂದೆ ಈ ಕಟ್ಟಡದ ಲಿಫ್ಟು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಇವನೇ. ತಿಂಗಳಿಗೊಮ್ಮೆ ಮೇಲಿನ ಮೋಟರ್ ಕೋಣೆಗೆ ಹೋಗಿ, ಬ್ರೇಕನ್ನು ಕೈಯಾರೆ ಮುಟ್ಟಿ ನೋಡಿ, ಅಲ್ಲಿ ತೂಗುಹಾಕಿದ್ದ ಕಾರ್ಡಿಗೆ ಸಹಿ ಹಾಕಬೇಕು. ಒಂದು ತಿಂಗಳು, ಒಂಬತ್ತು ಕಟ್ಟಡ ಮುಗಿಸಿ ಬಂದ ದಿನ, ಮಗಳಿಗೆ ಜ್ವರವೆಂದು ಮನೆಯಿಂದ ಎರಡು ಸಲ ಫೋನ್ ಬಂದಿತ್ತು. ಸಹಿ ಹಾಕಿದ. ಬ್ರೇಕು ಮುಟ್ಟಲಿಲ್ಲ. ಅದರ ಮೇಲೆ ಎಣ್ಣೆ ಜಿನುಗಿತ್ತು. ಹನ್ನೊಂದನೆಯ ದಿನ ಐದನೇ ಮಹಡಿಯಲ್ಲಿ, ಬಾಗಿಲು ತೆರೆದಿರುವಾಗಲೇ, ಬ್ರೇಕಿನ ಹಿಡಿತ ತಪ್ಪಿದ ಲಿಫ್ಟು ಎದುರುತೂಕದ ಎಳೆತಕ್ಕೆ ಮೇಲಕ್ಕೆ ಜಾರಿತು. ಟೈಲರಕ್ಕನ ಗಂಡ ಆಗಷ್ಟೇ ಒಂದು ಕಾಲು ಒಳಗಿಟ್ಟಿದ್ದ.

ಆ ಸಾವಿನ ವಿಚಾರಣೆಯಲ್ಲಿ ಲಿಫ್ಟಣ್ಣ ಏನನ್ನೂ ಮುಚ್ಚಿಡಲಿಲ್ಲ. ಎರಡು ವರ್ಷ ಜೈಲಿನಲ್ಲಿದ್ದು ಬಂದ. ಬಿಡುಗಡೆಯಾದ ಮೊದಲ ಭಾನುವಾರ ಚರ್ಚಿನ ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಟೈಲರಕ್ಕ ಮುಂದಿನ ಸಾಲಿನಿಂದ ಎದ್ದು ಬಂದು ಅವನ ಪಕ್ಕ ಕೂತಳು. ಕ್ಷಮಿಸಿದೀನಿ ಕಣಪ್ಪ ಎಂದಳು. ಅವನು ಬಾಯಿ ತೆರೆದು ಬೇಡುವ ಮೊದಲೇ. ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದ. ಇದನ್ನು ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಮರುವಾರವೇ ಸ್ಪ್ಯಾನರು, ಸ್ಕ್ರೂ ಡ್ರೈವರುಗಳ ಚೀಲ ಹೊತ್ತು ಆಕೆಯ ಬಾಗಿಲು ತಟ್ಟಿದ. ಕಿಟಕಿಯ ಚಿಲಕ, ಹೊಲಿಗೆ ಯಂತ್ರದ ಬೆಲ್ಟು, ಬಚ್ಚಲಿನ ಪೈಪು, ಹೀಗೆ ಮೂರು ವರ್ಷ. ಚರ್ಚಿನ ಅಯ್ಯನವರು ಕರೆದು ಕೂರಿಸಿ ಬುದ್ಧಿ ಹೇಳಿದ್ದರು: ಕೃಪೆ ಅನ್ನೋದು ಕೂಲಿ ಅಲ್ಲಪ್ಪ, ದುಡಿದು ಪಡೆಯೋಕೆ, ಪಡೆದವನು ಆಮೇಲೆ ದುಡೀತಾನೆ, ಆ ಮಾತೇ ಬೇರೆ. ಅವನು ಎಲ್ಲದಕ್ಕೂ ತಲೆಯಾಡಿಸಿ, ಅವರ ತಲೆಯ ಮೇಲೆ ಕಿರುಗುಟ್ಟುತ್ತಿದ್ದ ಫ್ಯಾನನ್ನು ಬಿಚ್ಚಿ ಎಣ್ಣೆ ಬಿಟ್ಟು ಬಂದಿದ್ದ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಪಾತ್ರೆ ಕುಕ್ಕುತ್ತಿದ್ದಳು. ಅವನ ಸ್ವಂತ ಅಡುಗೆಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಮಗಳು ಅದರ ಕೆಳಗೆ ಬಕೆಟ್ ಇಟ್ಟು, ಅಪ್ಪನಿಗೆ ಪುರುಸೊತ್ತಿಲ್ಲ, ನೀನೇ ಅಡ್ಜಸ್ಟ್ ಮಾಡ್ಕೋ ಎಂದು ಬಕೆಟ್ಟಿಗೆ ಹೇಳುತ್ತಿದ್ದಳು.

ಸಿಲಿಂಡರ್ ಇಳಿಸಿದವನೇ ಲಿಫ್ಟಣ್ಣ ಟೈಲರಕ್ಕನ ಅಡುಗೆಮನೆಗೆ ನಡೆದ. ನಲ್ಲಿ ಮತ್ತೆ ಸೋರುತ್ತಿರಬೇಕಲ್ಲ ಎಂದು ತಾನೇ ಕೇಳಿಕೊಂಡ. ನಲ್ಲಿ ಸೋರುತ್ತಿರಲಿಲ್ಲ. ಅದರ ಬಾಯಿ ಒಣಗಿತ್ತು.

ತಿರುಗಿ ನೋಡಿದರೆ ಟೈಲರಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಂತ್ರದ ಹಲಗೆಯ ಮೇಲೆ, ಗುಂಡುಸೂಜಿ ಡಬ್ಬಿಯ ಪಕ್ಕ, ಕಪ್ಪು ರಬ್ಬರಿನ ಒಂದು ವಾಷರ್.

ಶುಕ್ರವಾರ ನಲ್ಲಿ ಸೋರತೊಡಗಿದಾಗ ಆಕೆಯೇ ಬಿಚ್ಚಿದ್ದಳಂತೆ. ಸೂಜಿಗೆ ದಾರ ಪೋಣಿಸುವ ಕೈಗೆ ನಲ್ಲಿ ಬಿಚ್ಚಲು ಬಾರದೇ? ಹೋದ ವಾರ ಅವನು ಹೊಸದು ಹಾಕಿದೆ ಎಂದಿದ್ದ ವಾಷರ್ ಅಂಚೆಲ್ಲ ಸವೆದು ಬಿರುಕುಬಿಟ್ಟಿತ್ತು. ಆಮೇಲೆ ಒಂದೊಂದಾಗಿ ನೆನಪಾಯಿತಂತೆ: ಅವನು ಬಿಗಿ ಮಾಡಿಹೋದ ಚಿಲಕ ನಾಲ್ಕೇ ದಿನಕ್ಕೆ ಸಡಿಲವಾಗುತ್ತಿದ್ದುದು, ಬೆಲ್ಟು ಪದೇ ಪದೇ ಜಾರುತ್ತಿದ್ದುದು.

"ನೀನೇ ಹಾಕಿದ್ದಲ್ವಾ?"

"ಹೌದಕ್ಕ." "ಎಲ್ಲ ಸರಿಹೋಗ್ಬಿಟ್ರೆ, ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ?"

ಆಕೆ ವಾಷರನ್ನು ಬೆರಳಲ್ಲಿ ಉರುಳಿಸಿದಳು.

"ಮೊದಲ್ನೇ ಸಲ ಆ ಕ್ಷಮೆ ಸುಲಭ ಇರ್ಲಿಲ್ಲ ಕಣೋ. ಎರಡು ವರ್ಷ ಮೊಣಕಾಲೂರಿ ಅತ್ತು, ಎದೆ ಬಗೆದು ಕೊಟ್ಟಿದ್ದು. ನೀನು ವಾರವಾರ ಅದನ್ನ ವಾಪಸ್ ತಂದು ನನ್ನ ಬಾಗ್ಲಲ್ಲಿಡ್ತೀಯ. ನಾನು ಪ್ರತಿ ಭಾನುವಾರ ಮತ್ತೆ ಮೊದಲಿಂದ ಕೊಡ್ಬೇಕು. ನಂಗೂ ಸಾಕಾಗಿದೆ."

ಅವನು ಅಲ್ಲೇ ನೆಲದ ಮೇಲೆ ಕೂತ. ಸಿಲಿಂಡರಾದರೂ ತರುತ್ತೇನೆ ಎಂದ. ಬೇಡ ಎಂದಳು. ಮಹಡಿಯ ಮೇಲಿನ ನೀರಿನ ತೊಟ್ಟಿಯಾದರೂ ತೊಳೆಯುತ್ತೇನೆ ಎಂದ. ಬೇಡ. ಮುಳುಗುವವನು ಹುಲ್ಲುಕಡ್ಡಿ ಹುಡುಕುವಂತೆ ಅವನ ಕಣ್ಣು ಮನೆಯ ಮೂಲೆಮೂಲೆಯಲ್ಲಿ ಮುರಿದದ್ದನ್ನು ಹುಡುಕುತ್ತಿತ್ತು. ಎಲ್ಲವೂ ಗಟ್ಟಿಯಾಗಿತ್ತು. ಆಕೆಯೇ ಬಿಗಿಮಾಡಿಟ್ಟಿದ್ದಳು.

"ಏನಾದ್ರೂ ಮಾಡು ಅನ್ನಿ ಅಕ್ಕ. ಏನು ಹೇಳಿದ್ರೂ ಕೇಳ್ತೀನಿ."

"ಕೇಳ್ತೀಯಾ? ಹಾಗಾದ್ರೆ ಚೀಲ ಇಲ್ಲೇ ಬಿಟ್ಟು, ಲಿಫ್ಟಲ್ಲಿ ಇಳಿದು ಮನೆಗೆ ಹೋಗು."

ಆಕೆಯ ಗಂಡ ಹೋದ ದಿನದಿಂದ ಅವನು ಯಾವ ಲಿಫ್ಟಿಗೂ ಕಾಲಿಟ್ಟಿರಲಿಲ್ಲ. ಆಕೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ತಾನೂ ಬರುತ್ತೇನೆ, ತಾನೂ ಅವತ್ತಿನಿಂದ ಹತ್ತಿಲ್ಲ ಎಂದಳು.

ಬಾಗಿಲು ತೆರೆಯಿತು. ಒಳಗೆ ಹಳದಿ ದೀಪ, ಎದುರಿಗೆ ಕನ್ನಡಿ. ಅವನು ಹೊರಗೇ ನಿಂತು ಗೋಗರೆದ: ಒಂದೇ ನಿಮಿಷ, ಮೇಲೆ ಹೋಗಿ ಬ್ರೇಕು ಮುಟ್ಟಿ ನೋಡಿ ಬರುತ್ತೇನೆ. ಈಗ ಕಾರ್ಡಿಗೆ ಸಹಿ ಹಾಕುವವನ ಮಗಳಿಗೂ ಆ ದಿನ ಜ್ವರವಿತ್ತೋ ಏನೋ, ಯಾರು ಕಂಡವರು?

"ಅದು ನಿನ್ನ ಕೆಲಸ ಅಲ್ಲ. ಬೇರೆಯವ್ರು ನೋಡಿದಾರೆ."

ಅಷ್ಟು ಹೇಳಿ ಟೈಲರಕ್ಕ ಒಳಗೆ ಹೋದಳು. ಗುಂಡಿ ಒತ್ತಿ ಹಿಡಿದು ಬಾಗಿಲು ಮುಚ್ಚದಂತೆ ನಿಂತಳು. ಅವನು ಒಂದು ಕಾಲು ಒಳಗಿಟ್ಟು ಅಲ್ಲೇ ಕಲ್ಲಾದ. ಹೀಗೇ. ಸರಿಯಾಗಿ ಹೀಗೇ. ಇನ್ನೊಂದು ಕಾಲು ನೆಲ ಬಿಡಲೊಲ್ಲದು. ಎಂಬತ್ತಾರು ಮೆಟ್ಟಿಲು ಅವನ ಬೆನ್ನ ಹಿಂದೆಯೇ ಇದ್ದವು. ಅವನ್ನು ಸಾವಿರ ಸಲ ಹತ್ತಿಳಿ ಎಂದಿದ್ದರೂ ಹತ್ತಿಳಿಯುತ್ತಿದ್ದ. ದೇವರೇ, ಇದೊಂದು ಬೇಡ ಎಂದುಕೊಂಡ.

"ಬೇಗ ಬಾರೋ," ಎಂದಳು ಆಕೆ, ತೀರ ಸಣ್ಣ ದನಿಯಲ್ಲಿ. "ಒಬ್ಬಳೇ ನಿಂತಿರಕ್ಕೆ ಭಯ ಆಗ್ತಿದೆ."

ಆ ಇನ್ನೊಂದು ಕಾಲನ್ನು ಹೇಗೆ ಎತ್ತಿದನೋ ಅವನಿಗೆ ನೆನಪಿಲ್ಲ. ಬಾಗಿಲು ಮುಚ್ಚಿತು. ಇಳಿಯುವಷ್ಟೂ ಹೊತ್ತು ಅವನ ಬಲಗೈ ಹೆಗಲಿನ ಮೇಲೆ ಇಲ್ಲದ ಚೀಲದ ಪಟ್ಟಿಯನ್ನು ತಡಕುತ್ತಿತ್ತು. ಟೈಲರಕ್ಕ ಕಣ್ಣು ಮುಚ್ಚಿ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಕೆಳಗೆ ಲಿಫ್ಟು ನಿಂತಿತು. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಹೊಸ ವಾಷರ್ ತೆಗೆದು ಅವನ ಅಂಗೈಯಲ್ಲಿಟ್ಟಳು. ನಿಮ್ಮನೆ ನಲ್ಲಿಗೆ, ಸೋರ್ತಿದೆ ಅಂತ ನಿನ್ನ ಹೆಂಡ್ತಿ ಚರ್ಚಲ್ಲಿ ಹೇಳಿದಾಳೆ ಎಂದಳು. ಚೀಲಕ್ಕೆ ನಾಳೆ ಮಗಳನ್ನು ಕಳಿಸಬೇಕಂತೆ. ಮುಂದಿನ ಭಾನುವಾರ ಬೇಕಾದರೆ ಮೂವರೂ ಬರಬೇಕಂತೆ, ಬರಿಗೈಲಿ, ಸುಮ್ಮನೆ ಕೂತು ಹೋಗಲು. ಅವನು ಹೊರಗೆ ಕಾಲಿಟ್ಟೊಡನೆ ಬಾಗಿಲು ಮುಚ್ಚಿತು. ಆಕೆ ಒಬ್ಬಳೇ ಮೇಲಕ್ಕೆ ಹೋದಳು.

ಅವನು ಕುತ್ತಿಗೆ ಎತ್ತಿ, ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತ ನಿಂತ. ಎರಡು. ಮೂರು. ಮಾಡುವಂಥದ್ದು ಅವನ ಕೈಯಲ್ಲಿ ಏನೂ ಇರಲಿಲ್ಲ. ನಾಲ್ಕು. ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಐದು. ದೂರದಲ್ಲೆಲ್ಲೋ ಬ್ರೇಕು ಟಕ್ಕೆಂದು ಕಚ್ಚಿತು. ಬಾಗಿಲು ಸರಿದ ಸದ್ದು, ಚಪ್ಪಲಿಯ ಸದ್ದು.

ತರಕಾರಿ ಚೀಲ ಹಿಡಿದು ಬಂದ ಮೂರನೇ ಮಹಡಿಯವನು ಅವನ ಒದ್ದೆ ಮುಖ ನೋಡಿ ನಿಂತ.

"ಏನ್ ಲಿಫ್ಟಣ್ಣ, ಲಿಫ್ಟು ಕೆಟ್ಟಿದ್ಯಾ?"

"ಇಲ್ಲ," ಎಂದ ಲಿಫ್ಟಣ್ಣ. ಮುಷ್ಟಿಯೊಳಗೆ ವಾಷರ್ ಬೆಚ್ಚಗಾಗಿತ್ತು. "ಸರಿಯಾಗಿದೆ."