ಉಡಿಯೊಳಗಿನ ಮೀನು

ನಿರಾಶ್ರಿತರ ಮತ್ತು ವಲಸೆಗಾರರ ಇಲಾಖೆಗೆ ಕಾರ್ಯದರ್ಶಿಯಾದ ಅನುಪಮಾ, ದಿಲ್ಲಿಗೆ ಹೊರಡುವ ಮೊದಲು ತಾಯಿ ಬಸ್ಸಮ್ಮನ ಜೊತೆ ಸಿಂಧನೂರಿನ ಬಂಗಾಲಿ ನಿರಾಶ್ರಿತರ ಕ್ಯಾಂಪಿಗೆ ಬಂದಳು. ಹೆತ್ತವರು ಕೂಲಿಗೆಂದು ಗುಳೆ ಹೋದಾಗಲೆಲ್ಲ ಅವಳನ್ನು ತನ್ನ ಮನೆಯಲ್ಲಿರಿಸಿಕೊಂಡು, ಉಣ್ಣಿಸಿ, ಶಾಲೆಗೆ ಕಳಿಸಿದವಳು ಇಲ್ಲಿಯ ಶೆಫಾಲಿ. ದೇಶ ಬಿಟ್ಟು ಬರಿಗೈಲಿ ಓಡಿಬಂದಿದ್ದ ಹೆಂಗಸು.

ತವರಿನಿಂದ ಹೊರಟ ಮಗಳಿಗೆ ಉಡಿ ತುಂಬಬೇಕೆಂಬುದನ್ನು ಶೆಫಾಲಿ ಈ ನೆಲಕ್ಕೆ ಬಂದಮೇಲೆ ಕಲಿತಿದ್ದಳು. ಅನುಪಮಾಳ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿದಳು. ಆಮೇಲೆ ತನ್ನ ಹುಟ್ಟೂರಿನಲ್ಲಿ ಮೀನು ಶುಭವೆಂದು ಒಂದು ಹಸಿಮೀನನ್ನೂ ಇಟ್ಟುಬಿಟ್ಟಳು!

"ಅಯ್ಯ, ಉಡ್ಯಾಗ ಮೀನ ಹಾಕ್ತಾರೇನಬೇ!" ಎನ್ನುತ್ತ ಬಸ್ಸಮ್ಮ ತೆಗೆಯಲು ಕೈಚಾಚಿದಳು.

ಅನುಪಮಾ ಸೆರಗನ್ನು ಬಿಗಿಹಿಡಿದಳು.

"ಮುಟ್ಟಬ್ಯಾಡ ಯವ್ವಾ. ತನ್ನ ತವರು ಕಳಕೊಂಡಾಕಿ ನನಗ ತವರು ಕೊಟ್ಟಾಳ. ಆಕೀ ಕಡೆ ಉಳದಿದ್ದು ಇದೊಂದ ಶಾಸ್ತ್ರ, ಅದನ್ನೂ ಕಸಗೋತೀಯೇನು?"