ಫೋನಿನಲ್ಲಿದ್ದ ಜೋಗುಳ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗೋವಿಂದರಾಜ ಮೇಸ್ತ್ರಿ. ಭತ್ತ ಮುಗಿದ ಮೇಲೂ ಯಾವುದಾದರೂ ಮೋಟರು ಸುಮ್ಮನೆ ತಿರುಗುತ್ತಿದ್ದರೆ ಅವನಿಗೆ ತಡೆಯುತ್ತಿರಲಿಲ್ಲ, ಓಡಿಹೋಗಿ ಆರಿಸಿ ಬರುತ್ತಿದ್ದ. ಫೋನನ್ನೂ ಅವನು ಅದೇ ಕಣ್ಣಿನಿಂದ ನೋಡಿದ. ಒಮ್ಮೆ ತೆರೆದ ಆ್ಯಪುಗಳೆಲ್ಲ ಪರದೆಯ ಹಿಂದೆ ಸಾಲುಗಟ್ಟಿ ನಿಂತಿರುವುದು ಕಂಡರೆ ಸಾಕು, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ಎಲ್ಲವನ್ನೂ ಸಾಫು ಮಾಡುತ್ತಿದ್ದ. ತನ್ನ ಫೋನಷ್ಟೇ ಅಲ್ಲ, ಕೈಗೆ ಸಿಕ್ಕ ಯಾರದಾದರೂ ಸರಿ.

"ಇವೆಲ್ಲಾ ಹಿಂದ ಓಡಾಕತ್ತಿರ್ತಾವು. ಬ್ಯಾಟ್ರಿನೂ ತಿಂತಾವು, ಫೋನನ್ನೂ ಮಂದ ಮಾಡ್ತಾವು," ಎಂದು ಹೆಂಡತಿ ಫಕೀರಮ್ಮನಿಗೆ ದಿನವೂ ಹೇಳುತ್ತಿದ್ದ. ಅವಳು "ಹೂಂ" ಎಂದು ಫೋನು ಇಸಿದುಕೊಳ್ಳುತ್ತಿದ್ದಳು. ಇದರಿಂದ ಯಾರಿಗೂ ಏನೂ ಕೆಡುಕಾಗಿರಲಿಲ್ಲ.

ಆ ವರ್ಷ ಅವನ ತಾಯಿ ಗಾಳೆಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಅವಳೆದುರಿಗೇ ಹೇಳಿದರು. ಗಾಳೆಮ್ಮ ಅಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಒಡೆದ ದನಿಯಲ್ಲಿ ಒಂದೇ ಮಾತು ಕೇಳಿದಳು: "ಹೇಮಾನ ಹೆರಿಗಿ ಯಾವಾಗಂತ?"

ಹೇಮಾ ಗೋವಿಂದರಾಜನ ತಂಗಿ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಿ ಬಹಳ ವರ್ಷ ಮಡಿಲು ತುಂಬದೆ, ದವಾಖಾನೆಗಳನ್ನೆಲ್ಲ ಸುತ್ತಿ, ಕಡೆಗೆ ಆಸೆ ಬಿಟ್ಟಿದ್ದಾಗ ಬಸುರಿಯಾಗಿದ್ದಳು. ಗಾಳೆಮ್ಮನಿಗೆ ಯಲಬುರ್ಗಿಯ ತವರಿನಿಂದ ಬಂದ ಜೋಗುಳವೊಂದಿತ್ತು. ಪ್ರತಿ ಕೂಸಿಗೂ ಅದರಲ್ಲಿ ಹೊಸದೊಂದು ನುಡಿ ಕಟ್ಟಿ ಸೇರಿಸುವುದು ಅವಳ ರೂಢಿ. ಗೋವಿಂದರಾಜನದೂ ಒಂದು ನುಡಿ ಇತ್ತು, ಹೇಮಾಳದೂ ಇತ್ತು. ಹುಟ್ಟಲಿರುವ ಕೂಸಿನ ನುಡಿಯನ್ನು ಆಕೆ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ.

ಆಪರೇಷನ್ನಿಗೆ ಇನ್ನೂ ವಾರವಿರುವಾಗ, ಭಾನುವಾರ ಹೇಮಾ ಗಂಗಾವತಿಗೆ ಬಂದಳು. ತಾಯಿಯನ್ನು ಒಳಕೋಣೆಯ ಹೊರಸಿನ ಮೇಲೆ ಕೂಡಿಸಿ, ಬಿಸಿನೀರು ಕುಡಿಸಿ, ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಪಕ್ಕಕ್ಕಿಟ್ಟಳು. ಗಾಳೆಮ್ಮ ತಡೆದು ತಡೆದು ಹಾಡಿದಳು. ನಡುವೆ ಕೆಮ್ಮಿದಳು, ನೀರು ಕುಡಿದಳು, ಮತ್ತೆ ಹಾಡಿದಳು. ಆಮೇಲೆ ಹುಟ್ಟದ ಆ ಕೂಸಿನ ಜೊತೆ ಮಾತಿಗೆ ಕೂತಳು. ಗೋವಿಂದರಾಜ ಪಡಸಾಲೆಯಲ್ಲಿದ್ದ. ಒಳಗಿನಿಂದ ಗೊರಗೊರ ದನಿ, ತಂಗಿಯ ನಗು, ಆಮೇಲೆ ಅಳು, ಎಲ್ಲ ಬಾಗಿಲಾಚೆಯಿಂದ ಕೇಳುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅವರಿಬ್ಬರ ನಡುವೆ ತಾನು ಹೋಗಬಾರದು ಎಂದು ಅವನು ಒಳಗೆ ಕಾಲಿಡಲಿಲ್ಲ.

ದಣಿದ ತಾಯಿ ಸಾಕೆಂದು ಕೈಸನ್ನೆ ಮಾಡಿದಾಗ ಹೇಮಾ ರೆಕಾರ್ಡಿಂಗನ್ನು ಅಷ್ಟಕ್ಕೇ ತಡೆಹಿಡಿದು, ಇನ್ನೂ ಉಳಿದದ್ದಿದೆ ಎಂದು ಮುಗಿಸದೆ ಹಾಗೇ ಇಟ್ಟು, ಗಂಜಿ ತರಲು ಅಡುಗೆಮನೆಗೆ ಹೋದಳು. ಆಗಲೇ ಕರೆಂಟು ಹೋಯಿತು. ಗೋವಿಂದರಾಜ ತಾಯಿಗೆ ಬೀಸಣಿಗೆ ಹಿಡಿದು ಒಳಗೆ ಬಂದ. ಗಾಳೆಮ್ಮ ಕಣ್ಣು ಮುಚ್ಚಿ ಒರಗಿದ್ದಳು. ಹೊರಸಿನ ಮೇಲೆ ತಂಗಿಯ ಫೋನು. ಮುಟ್ಟಿದರೆ ಬಿಸಿ, ಬ್ಯಾಟರಿ ಕೆಂಪಿಗೆ ಇಳಿದಿತ್ತು. ಬಸುರಿ ಹೆಂಗಸು, ಸಂಜೆ ಬಸ್ಸಿಗೆ ಹೋಗುವವಳು, ದಾರಿಯಲ್ಲಿ ಫೋನು ಆರಿದರೆ ಹೇಗೆ ಎಂದುಕೊಂಡ. ಹೆಬ್ಬೆರಳು ತಾನಾಗಿಯೇ ಆಡಿತು. ಹಿಂದೆ ನಿಂತಿದ್ದದ್ದನ್ನೆಲ್ಲ ಒಂದೇ ಸಲ ತಳ್ಳಿಬಿಟ್ಟ.

ಗಂಜಿ ತಂದ ಹೇಮಾ ಫೋನು ಎತ್ತಿಕೊಂಡಳು. ಒಮ್ಮೆ ನೋಡಿದಳು, ಮತ್ತೆ ಒತ್ತಿ ನೋಡಿದಳು.

"ಅಣ್ಣ, ಇದನ್ನ ಯಾರು ಮುಟ್ಟಿದ್ರು?"

"ನಾನವ್ವ. ಬ್ಯಾಟ್ರಿ ಇಳಿದಿತ್ತು. ಹಿಂದ ಇದ್ದವೆಲ್ಲಾ ಬಂದ್ ಮಾಡೀನಿ."

"ಅವ್ವಂದು ಇತ್ತಣ್ಣ ಅದರಾಗ. ನಾ ಇನ್ನೂ ಸೇವ್ ಮಾಡಿದ್ದಿಲ್ಲ."

ಮೊದಲು ಅವನಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ, "ಅಲ್ಲೇ ಎಲ್ಲ್ಯರ ಇರ್ತೈತಿ ನೋಡು," ಎಂದ. ಇಬ್ಬರೂ ಹುಡುಕಿದರು. ಆ್ಯಪು ತೆರೆದರೆ ಖಾಲಿ ಪರದೆ ಬರುತ್ತಿತ್ತು. ಹೇಮಾ ತಾಯಿಯ ಕಡೆ ತಿರುಗಿದಳು. ಗಾಳೆಮ್ಮನಿಗೆ ಎಲ್ಲ ಗೊತ್ತಾಗಿತ್ತು. "ಇರ್ಲಿ ಬಿಡ್ರವ್ವ, ಮತ್ತ ಹಾಡ್ತೀನಿ," ಎಂದು ಎದ್ದು ಕೂತು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಕೊರಳ ನರ ಉಬ್ಬಿ ಮುಖ ಕೆಂಪಾಯಿತು.

"ಸಾಕವ್ವ, ನಾಳಿ ಮುಂಜಾನೆ ಹಾಡುವಂತಿ," ಎಂದು ಹೇಮಾ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಅಂದು ಅವಳು ಊರಿಗೆ ಹೋಗಲಿಲ್ಲ.

ಮುಂಜಾನೆ ಗಾಳೆಮ್ಮನಿಗೆ ಉಸಿರು ಸಿಗದಾಯಿತು. ಆಂಬುಲೆನ್ಸಿನಲ್ಲಿ ಕೊಪ್ಪಳ ದಾಟುವಾಗ ಅವಳ ತುಟಿ ನೀಲಿಗಟ್ಟಿತ್ತು. ಹುಬ್ಬಳ್ಳಿಯಲ್ಲಿ ಇಳಿಸಿದ ಕೂಡಲೇ ಕೊರಳಿಗೆ ತೂತು ಕೊರೆದು ಉಸಿರಾಡಲು ನಳಿಕೆ ಇಟ್ಟರು, ಅದರ ಹಿಂದೆಯೇ ಆಪರೇಷನ್ನೂ ಆಯಿತು. ಜೀವ ಉಳಿಯಿತು.

ಊರಿಗೆ ಬಂದ ಮೇಲೆ ಗೋವಿಂದರಾಜ ತಂಗಿಯ ಫೋನನ್ನು ಗೆಳೆಯ ಶಬ್ಬೀರಸಾಬನ ಮೊಬೈಲ್ ಅಂಗಡಿಗೆ ಒಯ್ದ. ಶಬ್ಬೀರಸಾಬ ಮಧ್ಯಾಹ್ನವೆಲ್ಲ ಅದನ್ನು ಕಂಪ್ಯೂಟರಿಗೆ ಹಚ್ಚಿ ಕೂತ. ಹಳೆಯ ಫೋಟೋಗಳು ಬಂದವು, ಅಳಿಸಿದ್ದ ಮೆಸೇಜುಗಳು ಬಂದವು. ಬೇಕಾದದ್ದು ಬರಲಿಲ್ಲ. ಗಾಳೆಮ್ಮನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಆಕೆಯ ದನಿ ಬೇರೆಲ್ಲೂ ಇರಲಿಲ್ಲ. ಕಡೆಗೆ ಕುಷ್ಟಗಿಯ ಬೀಗರ ಮನೆಯ ಮದುವೆ ವಿಡಿಯೊ ಒಂದು ಸಿಕ್ಕಿತು. ಬ್ಯಾಂಡಿನ ಗದ್ದಲದಲ್ಲಿ ಅವಳು ಯಾರಿಗೋ, "ನನ್ನ ಚಪ್ಪಲಿ ಎಲ್ಲದಾವು ನೋಡ್ರಿ," ಎನ್ನುವುದು ಕೇಳಿಸುತ್ತಿತ್ತು. ಅಷ್ಟೇ.

ಫೋನು ಕಿಸೆಗಿಟ್ಟುಕೊಂಡು ಏಳುವಾಗ ಗೋವಿಂದರಾಜ ಕೇಳಿದ: "ಸಾಬ, ಒಂದು ಹೇಳು. ಹಂಗ ಬಂದ್ ಮಾಡಿದ್ರ ಬ್ಯಾಟ್ರಿಯರ ಉಳಿತೈತಲ್ಲ?"

ಶಬ್ಬೀರಸಾಬ ತಲೆ ಎತ್ತಲಿಲ್ಲ. "ಈಗ್ಯಾಕ ಬೇಕು ಬಿಡೋ ಅದು."

"ಹೇಳು."

"ಇಲ್ಲಪಾ. ಅವು ಓಡ್ತಿರಂಗಿಲ್ಲ, ಬಹಳಷ್ಟು ಸುಮ್ನ ಮಲಗಿರ್ತಾವು. ತಗದ್ರ, ಮತ್ತ ಮೊದಲಿಂದ ತೆರಿಯಾಕ ಫೋನಿಗೇ ಹೆಚ್ಚಿಗಿ ಕೆಲಸ. ಯಾವುದರ ಒಂದು ಕೆಟ್ಟು ಸಿಕ್ಕೊಂಡ್ರ ಅದನ್ನೊಂದ ಬಂದ್ ಮಾಡಬೇಕು. ಎಲ್ಲಾ ತಗದ್ರ ಏನೂ ಉಳಿಯಂಗಿಲ್ಲ."

ತಾಯಿಯ ದನಿ ಕೊಟ್ಟು ತಾನು ಏನನ್ನೋ ಉಳಿಸಿದ್ದೆ, ಅರ್ಧ ತಾಸಿನ ಬ್ಯಾಟರಿಯನ್ನಾದರೂ ಉಳಿಸಿದ್ದೆ ಎಂದು ಅವನ ಮನಸ್ಸು ಒಳಗೊಳಗೇ ಹಿಡಿದುಕೊಂಡು ನಿಂತಿತ್ತು. ಅದೂ ಹೋಯಿತು. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಸಂತೆಗೆ ಬಂದ ಜನ ಅವನ ಪಕ್ಕದಿಂದ ಸರಿದು ಒಳಗೆ ಹೋಗುತ್ತಿದ್ದರು.

ಹೇಮಾ ಅವನ ಜೊತೆ ಮಾತು ಬಿಟ್ಟಳು. ತಾಯಿಯನ್ನು ನೋಡಲು ಬರುತ್ತಿದ್ದಳು, ಅವನು ಗಿರಣಿಯಲ್ಲಿರುವ ಹೊತ್ತು ನೋಡಿ ಬರುತ್ತಿದ್ದಳು. ಹೆಣ್ಣುಮಗು ಹುಟ್ಟಿದ ಸುದ್ದಿ ಅವನಿಗೆ ಫಕೀರಮ್ಮನಿಂದ ತಿಳಿಯಿತು.

ತೊಟ್ಟಿಲ ಶಾಸ್ತ್ರ ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ನಡೆಯಿತು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಗಾಳೆಮ್ಮನನ್ನು ತೊಟ್ಟಿಲ ಪಕ್ಕ ಕೂಡಿಸಿದರು. ಹೆಂಗಸರು ತಮಗೆ ಬಂದ ಪದ ಹಾಡಿದರು. ಅವರು ಮುಗಿಸಿದ ಮೇಲೆ ಗಾಳೆಮ್ಮ ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದಳು. ಅವಳ ತುಟಿ ಆಡುತ್ತಿತ್ತು. ಬಹಳ ಹೊತ್ತು ಆಡಿತು. ಗಾಳೆಮ್ಮನಿಗೆ ಓದು ಬರಹ ಇರಲಿಲ್ಲ, ಆ ನುಡಿ ಏನೆಂದು ಬರೆದು ತೋರಿಸುವ ದಾರಿಯೂ ಇರಲಿಲ್ಲ.

ಫಕೀರಮ್ಮನ ಜೊತೆ ಬಂದಿದ್ದ ಗೋವಿಂದರಾಜ ಎದ್ದು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ. ಸ್ವಲ್ಪ ಹೊತ್ತಿನಲ್ಲಿ ಹೇಮಾ ತಾನಾಗಿಯೇ ಅಲ್ಲಿಗೆ ಬಂದಳು.

"ಊಟ ಮಾಡಣ್ಣ."

"ನನ್ನ ಮ್ಯಾಲಿನ ಸಿಟ್ಟು ಹೋತೇನವ್ವ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಹೋಗೈತಿ. ಸಿಟ್ಟಿದ್ದಾಗ ಅವ್ವನ ದನಿ ಕಿವ್ಯಾಗ ಇತ್ತು. ಒಮ್ಮೆ ಕೇಳಿದ್ದ ಈ ಕೂಸಿನ ನುಡಿ ಅರ್ಧ ನೆಪ್ಪಿತ್ತು. ಈಗ ಅದೂ ಹೋಗಾಕತ್ತೈತಣ್ಣ. ಮೊನ್ನೆ ಕುಂತು ಎಷ್ಟು ನೆನಸಿದ್ರೂ ನೆಪ್ಪಾಗಲಿಲ್ಲ."

ಒಳಗೆ ಕೂಸು ಅತ್ತಿತು. ಹೇಮಾ ತಿರುಗಿ ನಡೆದಳು, ಅವನೂ ಹಿಂದೆ ಹೋದ.

ಗಾಳೆಮ್ಮ ಮಗನನ್ನು ಕಂಡು ಪಕ್ಕದ ಚಾಪೆಯನ್ನು ತಟ್ಟಿದಳು. ಅವನು ಕೂತ. ಕೂತವನು ಅಷ್ಟು ಜನರ ನಡುವೆಯೇ ತಾಯಿಯ ತೊಡೆಗೆ ಮುಖ ಹಚ್ಚಿ ಅತ್ತ. ಅವಳು ಅವನ ಗಲ್ಲ ಹಿಡಿದು ಮುಖ ಎತ್ತಿ, ಬಾಯಿ ಅಗಲ ಮಾಡಿ, ನಿಧಾನಕ್ಕೆ ಏನೋ ಹೇಳಿದಳು. ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಆಗಲೂ ತಿಳಿಯಲಿಲ್ಲ.

"ಹೂಂ ಅವ್ವ," ಎಂದು ಅವನು ತಲೆ ಆಡಿಸಿದ.