ಕಲೆ ಎಷ್ಟು ದಿನದ್ದು?

ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಸುಳ್ಳರು. ಕಲೆ ಎಷ್ಟು ದಿನದ್ದು ಎಂದು ಕೇಳಿದರೆ, ಎರಡು ತಿಂಗಳ ಕಾಫಿ ಕಲೆಯನ್ನು ಮುಂದೆ ಹಿಡಿದು "ನಿನ್ನೆ ಬಿತ್ತು" ಅನ್ನುತ್ತಾರೆ. ಮನೆಯಲ್ಲಿ ಏನು ಹಚ್ಚಿದಿರಿ ಅಂದರೆ "ಏನೂ ಇಲ್ಲ". ಅಂಗಿಯಿಂದ ಟೂತ್‌ಪೇಸ್ಟ್ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ. ಮೂವತ್ತು ವರ್ಷದಿಂದ ನಾನು ಇವರ ಜನ್ಮ ಜಾಲಾಡುತ್ತ ಬಂದಿದ್ದೇನೆ. ಕಲೆ ತೆಗೆಯುವ ಕೆಲಸ ನನ್ನದು, ಇಸ್ತ್ರಿ ನನ್ನ ವಾರಗಿತ್ತಿಯದು. ಅವಳದು ಮಾತು ಕಮ್ಮಿ. ಆ ಕೊರತೆಯನ್ನು ನಾನೇ ತುಂಬಿಕೊಡುತ್ತೇನೆ.

ಮುಟ್ಟು ನಿಂತು ಮೂರು ವರ್ಷವಾದ ಮೇಲೆ ನನ್ನ ಒಳಬಟ್ಟೆಯಲ್ಲಿ ರಕ್ತದ ಚುಕ್ಕೆ ಕಂಡಿತು. ತಣ್ಣೀರು, ಉಪ್ಪು, ಮೇಲಿಷ್ಟು ಅಂಗಡಿಯ ಪೆರಾಕ್ಸೈಡ್, ಮಾಯ! ಮತ್ತೆ ಕಂಡಿತು, ಮತ್ತೆ ಮಾಯ ಮಾಡಿದೆ. ಎಷ್ಟು ಚೊಕ್ಕಟವಾಗಿ ತೆಗೆಯುತ್ತಿದ್ದೆನೆಂದರೆ, ಅದು ಬಂದೇ ಇಲ್ಲವೆಂದು ಕೊನೆಗೆ ನನಗೇ ಅನ್ನಿಸತೊಡಗಿತು.

ಒಂದು ಬೆಳಿಗ್ಗೆ ವಾರಗಿತ್ತಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. "ಅಕ್ಕಾ, ರಕ್ತದ ಕಲೆ ಇರೋ ಬಟ್ಟೆ ಬರೋದೇ ಅಪರೂಪ. ಎಂಟು ತಿಂಗಳಿಂದ ಪೆರಾಕ್ಸೈಡ್ ಮಾತ್ರ ನೀರಿನ ಹಾಗೆ ಖರ್ಚಾಗ್ತಿದೆ. ಏಳಿ, ಆಸ್ಪತ್ರೆಗೆ ಹೋಗೋಣ."

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು. "ಎಷ್ಟು ದಿನದಿಂದ?" ಎಂದು ಕೇಳಿದರು.

"ಹೋದ ವಾರದಿಂದ" ಅಂದೆ. ಬಾಯಿ ತಾನಾಗಿ ಹೇಳಿಬಿಟ್ಟಿತು.

"ಎಂಟು ತಿಂಗಳಿಂದ" ಅಂದಳು ವಾರಗಿತ್ತಿ, ಗೋಡೆ ನೋಡುತ್ತ.

ಅವತ್ತು ಪುಟ್ಟ ಬ್ರಷ್ಷಿನಿಂದ ಗರ್ಭಕೊರಳಿನ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸಿದರು. ನಿಮಿಷದ ಕೆಲಸ. ಫಲಿತಾಂಶ ಸರಿಯಿಲ್ಲವೆಂದು ಹತ್ತು ದಿನಕ್ಕೆ ಮತ್ತೆ ಕರೆಸಿದರು. ಈ ಸಲ ಕಾಲಬುಡದಲ್ಲಿ ದುರ್ಬೀನಿನಂಥ ಯಂತ್ರ. ಅಂಗಾತ ಮಲಗಿದ್ದವಳಿಗೆ ಪರಿಚಯದ ವಾಸನೆಯೊಂದು ಬಂತು.

"ವಿನೆಗರ್ ಅಲ್ವಾ ಅದು? ಕಲೆ ತೆಗೆಯೋಕೆ ನಾವೂ ಅದನ್ನೇ ಹಾಕೋದು."

"ನಾವು ಕಲೆ ಕಾಣಿಸ್ಲಿ ಅಂತ ಹಾಕ್ತೀವಿ. ಕೆಟ್ಟಿರೋ ಜಾಗ ಬೆಳ್ಳಗಾಗುತ್ತೆ."

"ಬೆಳ್ಳಗಾದ್ರೆ ಕೆಟ್ಟದ್ದಾ? ಹಾಗಾದ್ರೆ ನಮ್ಮ ಅಂಗಡಿ ಬಾಗಿಲು ಹಾಕ್ಬೇಕಷ್ಟೆ!"

ಡಾಕ್ಟರಮ್ಮ ನಕ್ಕರು. ಆಮೇಲೆ ಯಂತ್ರಕ್ಕೆ ಕಣ್ಣಿಟ್ಟು ಸುಮ್ಮನಾದರು. ಹೋಗದ ಕಲೆ ಕಂಡಾಗ ನಾನೂ ಹಾಗೇ ಸುಮ್ಮನಾಗುತ್ತೇನೆ. ನನಗೆ ಹೆದರಿಕೆಯಾಯಿತು. ಒಳಗೆ ಚಿವುಟಿದ ಹಾಗಾಗಿ, ಅಕ್ಕಿಕಾಳಿನಷ್ಟು ಚೂರೊಂದು ಬಯಾಪ್ಸಿಗೆ ಹೋಯಿತು. "ಬ್ರಷ್ಷಿಂದ ಬರೀ ಅನುಮಾನ ಬರುತ್ತೆ. ಖಚಿತ ಆಗೋದು ಈ ಚೂರಿಂದಲೇ" ಅಂದರು.

ವಾರದ ಮೇಲೆ ವರದಿ ಬಂತು. ಕ್ಯಾನ್ಸರ್.

"ಚಿಕ್ಕದಾಗಿದೆ. ಹರಡಿದ್ಯಾ ಅಂತ ನಾಳೆ ಸ್ಕ್ಯಾನ್ ಮಾಡಿ ನೋಡೋಣ. ಹರಡಿಲ್ಲ ಅಂದ್ರೆ ಆಪರೇಷನ್ನಲ್ಲೇ ವಾಸಿಯಾಗಬಹುದು" ಅಂದರು ಡಾಕ್ಟರಮ್ಮ. "ಕೆಲವು ವರ್ಷದ ಹಿಂದೆ ಆ ಬ್ರಷ್ ಪರೀಕ್ಷೆ ಮಾಡಿಸಿದ್ರೆ, ಕ್ಯಾನ್ಸರ್ ಆಗೋಕೆ ಮುಂಚೆನೇ ಸಿಕ್ಕಿರ್ತಿತ್ತೇನೋ."

ನನಗೆ ಸಿಟ್ಟು ಬರಲು ಇನ್ನೇನು ಬೇಕು? ಹೊರಗೆ ಬಂದದ್ದೇ ವಾರಗಿತ್ತಿಯ ಮೇಲೆ ಹರಿಹಾಯ್ದೆ. "ಇಂಥದ್ದೊಂದು ಪರೀಕ್ಷೆ ಇದೆ ಅಂತ ಒಬ್ಬರಾದ್ರೂ ಬಾಯಿ ಬಿಟ್ರಾ? ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಮೂರು ವರ್ಷದ ಹಿಂದೆ ನಾನು ಮಾಡಿಸ್ಕೊಂಡೆ."

"ಮತ್ತೆ ನನಗೆ ಹೇಳೋಕೇನಾಗಿತ್ತು ದಾಡಿ?"

ಅವಳು ನನ್ನ ಕೈಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಹೇಳಿದ್ದೆ ಅಕ್ಕ. ಇಬ್ರೂ ಹೋಗೋಣ ಬನ್ನಿ ಅಂತ ಕರೆದೆ. ನೀವು ಗಿರಾಕಿಗಳ ಮುಂದೆ ನನ್ನ ಆಡ್ಕೊಂಡು ನಕ್ಕುಬಿಟ್ರಿ. ಆಮೇಲೆ ಕರೆಯೋ ಧೈರ್ಯ ಬರಲಿಲ್ಲ."

ನನಗೆ ನೆನಪಿರಲಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ, ನಾನು ನಗದೆ ಬಿಡುವವಳೂ ಅಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು. "ನಾಳೆ ಸ್ಕ್ಯಾನಿಗೆ... ನಾನೂ ಬರ್ಲಾ ಅಕ್ಕ?" ಎಂದು ಅಳುಕುತ್ತ ಕೇಳಿದಳು.

ಅಷ್ಟು ಕೇಳುವುದಕ್ಕೂ ಅವಳಿಗೆ ಇನ್ನೂ ನನ್ನ ಹೆದರಿಕೆ ಎಂಬುದು ಆ ವರದಿಗಿಂತ ಹೆಚ್ಚು ನೋಯಿಸಿತು. "ಬಾರೇ, ನೀನಿಲ್ದೆ ನಾನು ಹೋಗಲ್ಲ" ಅಂದೆ.